ಅನ್ನಮ್ಮ ಮುಚ್ಚದ ಬಾಗಿಲು

ನಮ್ಮ ಅನ್ನಮ್ಮ ಯಾವುದನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಗಿಲಿಗೆ ಅಗಳಿ ಹಾಕಳು. ಅನ್ನದ ಗಡಿಗೆಯ ಮೇಲೆ ತಟ್ಟೆ ಇಟ್ಟರೂ ಓರೆಯಾಗಿಯೇ. ಕಲಬುರ್ಗಿಯಲ್ಲಿ ಶಾಲೆ ಕಲಿತು, ಮಿಶನ್ ಮಾಸ್ತರರ ಹೆಂಡತಿಯಾಗಿ ಕಮಲಾಪುರಕ್ಕೆ ಬಂದ ನನಗೆ ಇದೇ ಚಿಂತೆ. ಹಾವು ಬಂದರೆ? ಕೂಸಿಗೆ ಥಂಡಿ ಹತ್ತಿದರೆ? ಕೂಸನ್ನು ನೋಡಿಕೊಳ್ಳುವವಳು ಅವಳೇ ಆದ್ದರಿಂದ ಬಯ್ಯಲೂ ಅಂಜಿಕೆ.

ಕಾರಣ ಹೇಳಿದವಳು ನೆರೆಮನೆಯ ಮಸ್ತಾನಬಿ. ಪ್ಲೇಗು ಬಂದು ಹೋದ ಮರುವರ್ಷ ಅನ್ನಮ್ಮ ಬಾಳೆತೋಟದಲ್ಲಿ ಕೂಲಿಗಿದ್ದಳಂತೆ. ಅಲ್ಲಿ ಕೆಂಪು ಬಾಳೆಯ ಗೊನೆಗಳನ್ನು ನೆಲದೊಳಗಿನ ಕುಣಿಯಲ್ಲಿಟ್ಟು, ಹಲಗೆ ಮುಚ್ಚಿ, ಹಸಿ ಮಣ್ಣು ಮೆತ್ತಿ, ಹೊಗೆ ಊದಿ ಹಣ್ಣು ಮಾಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಅವಳ ಪುಟ್ಟ ಮಗಳು ಸಲೋಮಿ, ತಂಪೆಂದು ಆ ಕುಣಿಯ ಒಣ ಎಲೆಗಳಡಿ ಹುದುಗಿ ಮಲಗಿಬಿಟ್ಟಿದ್ದಳು. ಕುಣಿ ತುಂಬುವ ಖಂಡೆಪ್ಪ ನೋಡಲಿಲ್ಲ. ಊರೆಲ್ಲ ಹುಡುಕಿತು. ಬಾವಿಗೆ ಪಾತಾಳಗರಡಿ ಇಳಿಸಿದರು. ಹಣ್ಣಿಗೆಂದು ಹಲಗೆ ತೆಗೆದ ದಿನ ಹುಡುಗಿ ಸಿಕ್ಕಳು.

ಗೊತ್ತಿಲ್ಲದೆ ಆದದ್ದು ಎಂದು ಅನ್ನಮ್ಮ ಚರ್ಚಿನಲ್ಲಿ ಎಲ್ಲರೆದುರು ಅವನನ್ನು ಕ್ಷಮಿಸಿದಳು. ಆದರೂ ಅವನು ಊರು ಬಿಟ್ಟ.

ಮೊನ್ನೆ ಚಳಿಗಾಲದಲ್ಲಿ ಅಕ್ಕನ ಮನೆಯಿಂದ ಮರಳುವಾಗ ನಾನು, ಕೂಸು, ಅನ್ನಮ್ಮ ಕಲಬುರ್ಗಿಯಲ್ಲಿ ರೈಲಿಳಿದೆವು. ನನ್ನ ಟ್ರಂಕು ಹೊರಲು ಬಂದ ಹಮಾಲ ಮಂಡಿಯೂರಿ ಅದಕ್ಕೆ ಕಿವಿ ಹಚ್ಚಿದ. ಬೆರಳಿನಿಂದ ತಟ್ಟಿದ. ಮತ್ತೆ ಕಿವಿ ಹಚ್ಚಿದ.

“ಏ, ಹೊರೋ! ಒಳಗ ನಿಮ್ಮ ಮಾವ ಕುಂತಾನೇನು?” ಎಂದು ಇನ್ನೊಬ್ಬ ಹಮಾಲ ಇಮಾಮುದ್ದೀನ್ ನಕ್ಕ. “ಇಂವಂದು ರೋಜ್ ಇದೇ ರೀ ಬಾಯಾರ. ತಲಿ ಕೆಟ್ಟದ.”

ಅನ್ನಮ್ಮ ನಗಲಿಲ್ಲ. “ಖಂಡೆಪ್ಪ,” ಎಂದಳು.

ಅವನು ತಲೆಯೆತ್ತಿ ನೋಡಿ ಅವಳ ಕಾಲು ಹಿಡಿದ.

“ಊರಿಗಿ ನಡಿಯಪ್ಪ. ನಾ ಆವತ್ತೇ ಮಾಫ್ ಮಾಡೀನಲ್ಲ.”

“ಯಕ್ಕಾ, ನಿನಗ ಪೂರಾ ಗೊತ್ತಿಲ್ಲ. ಮಣ್ಣು ಮೆತ್ತಿದ ಮ್ಯಾಲ ಒಳಗ ದಬ್ ಅಂತು. ಗೊನಿ ಜರುಗ್ಯಾವ ಅಂದೆ. ಮತ್ತ ದಬ್ ಅಂತು. ಮೆತ್ತಿದ್ದು ಕೀಳಾಕ ಬ್ಯಾಸರ ಬಂತು ನನಗ. ಈಗ ಎಲ್ಲಾದರಾಗೂ ಅದೇ ಸಪ್ಪಳ.”

ಅನ್ನಮ್ಮನ ಮುಖ ಬೂದಿಯಾಯಿತು. “ಗಾಡಿ ಹತ್ತು,” ಎಂದಳು. ಅದು ಕ್ಷಮಿಸಿದವರ ದನಿಯಲ್ಲ.

ಎತ್ತಿನ ಗಾಡಿ ಊರಿನತ್ತ ಹೊರಟಿತು. ನಾನು ಕೂಸನ್ನು ಎದೆಗೊತ್ತಿಕೊಂಡು ಕೂತೆ. ಆ ಇಬ್ಬರಲ್ಲಿ ಯಾರಿಗೆ ಹೆಚ್ಚು ಅಂಜಬೇಕೋ ತಿಳಿಯದು. ಮರುದಿನ ಮಧ್ಯಾಹ್ನ ಕಮಲಾಪುರ ಮುಟ್ಟಿದಾಗ ಅವಳು ಗಾಡಿಯನ್ನು ತೋಟಕ್ಕೇ ಹೊಡೆಸಿದಳು. ಕುಣಿ ಖಾಲಿಯಿತ್ತು. ಸೀರೆ ಎತ್ತಿ ಕಟ್ಟಿ ಒಳಗಿಳಿದು ಕೂತಳು.

“ಮುಚ್ಚು.”

“ಅನ್ನಮ್ಮವ್ವ, ಬ್ಯಾಡ, ಮೇಲೆ ಬಾ. ಕೂಸು ಅಳಾಕತ್ತದ,” ಎಂದೆ. ಕೂಸು ಅಳುತ್ತಿರಲಿಲ್ಲ.

“ನೀವು ಸುಮ್ಮ ನಿಂದರ್ರಿ ಬಾಯಾರ. ಖಂಡೆಪ್ಪ, ಮಣ್ಣೂ ಮೆತ್ತು. ಆವತ್ತು ಹೆಂಗ ಮೆತ್ತಿದ್ದಿ, ಹಂಗ.”

ಅವನು ಹಲಗೆ ಎಳೆದು ಮಣ್ಣು ಮೆತ್ತಿದ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ನೆಲದಡಿಯಿಂದ ಅನ್ನಮ್ಮನ ಪ್ರಾರ್ಥನೆ ಗೊಣಗಿನಂತೆ ಕೇಳುತ್ತಿತ್ತು. ಶಾಲೆಯಲ್ಲಿ ನಿತ್ಯ ಹೇಳಿದ ಪ್ರಾರ್ಥನೆ, ನನ್ನ ತುಟಿಯೂ ಜೊತೆಗೆ ಆಡಿತು. ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸೆಂದು ಬೇಡುವ ಕಡೆ ದನಿ ನಿಂತಿತು. ಮುಂದೆ ಬರಲೇ ಇಲ್ಲ.

ಉಸಿರು ಕಟ್ಟಿತೇ?

ದಬ್.

ಖಂಡೆಪ್ಪ ಕಲ್ಲಾಗಿ ನಿಂತ.

ದಬ್.

ಅವನು ಕುಣಿಯ ಮೇಲೆ ಬಿದ್ದು ಉಗುರು ಕಿತ್ತುಹೋಗುವಂತೆ ಮಣ್ಣು ಕೆದರಿ ಹಲಗೆ ಎಸೆದ. ತಲೆಗೂದಲಲ್ಲಿ ಒಣ ಎಲೆ ಸಿಕ್ಕಿಸಿಕೊಂಡ ಅನ್ನಮ್ಮ ಅವನ ಕೈಹಿಡಿದು ಮೇಲೆ ಬಂದಳು. ಆ ರಕ್ತದ ಕೈಯನ್ನು ಬಿಡದೆ, ನಿಂತಿದ್ದ ಮಾತಿನಿಂದ ಹಿಡಿದು ಆಮೆನ್ ತನಕ ಮುಗಿಸಿದಳು.

“ಆ ಮಾತು ಹೇಳಾಕ ಒಳಗ ಬಾಯೇ ಬರಲಿಲ್ಲಪ್ಪ. ಕರ್ತ ಈಗ ಕೊಟ್ಟ. ನೀ ಆವತ್ತು ತಗೀಲಿಲ್ಲ, ಅದೂ ಮಾಫ್.”

ಅವನು ಕೂಸಿನಂತೆ ಬಿಕ್ಕಿದ. ಈಗ ಅದೇ ತೋಟದಲ್ಲಿದ್ದಾನೆ. ಹಲಗೆ ಹಾಕುವ ಮುಂಚೆ ಪ್ರತಿ ಕುಣಿಗೂ ಇಳಿದು ಎಲೆ ಎತ್ತಿ ನೋಡುತ್ತಾನೆ.

ಅಂದು ಮನೆಗೆ ಬಂದು ಅನ್ನಮ್ಮ ಗಡಿಗೆಗೆ ಸರಿಯಾಗಿ ತಟ್ಟೆ ಮುಚ್ಚಿದಳು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: “ಬಾಯಾರ, ಎಷ್ಟು ಸಲ ದಬ್ ಅಂತು?”

“ಎರಡು.”

“ನಾ ಬಡದದ್ದು ಒಂದೇ ರೀ.”

ಅವಳ ಕಣ್ಣಲ್ಲಿ ಭಯವಿರಲಿಲ್ಲ. ಬಾಗಿಲ ಅಗಳಿ ಹಾಕಿ, ಕೂಸನ್ನು ಪಕ್ಕಕ್ಕೆ ಎಳೆದುಕೊಂಡು ನಿದ್ದೆಹೋದಳು. ನಾನೇ ಎದ್ದು, ಸದ್ದಾಗದಂತೆ ಅಗಳಿ ಸರಿಸಿ, ಬಾಗಿಲನ್ನು ಓರೆ ಮಾಡಿಟ್ಟೆ.