ಮನೆಯವರನ್ನೇ ನೆಂಟರಾಗಿ ಕರೆಯುವ ಅಮ್ಮ

ಇನ್ನೂ ಬೆಳಕು ಹರಿದಿಲ್ಲ. ಮೂರನೆಯ ಮಹಡಿಯ ಮೂಲೆಮನೆಯಲ್ಲಿ ಒಬ್ಬಾಕೆ ಮೊಣಕಾಲೂರಿ ಕಬ್ಬಿಣದ ಬೀರುವಿಗೆ ಸಾಕ್ಸು ತೊಡಿಸುತ್ತಿದ್ದಾರೆ. ಗಂಡನ ಹಳೆಯ ಉಣ್ಣೆ ಸಾಕ್ಸು, ಹಿಮ್ಮಡಿಯಲ್ಲಿ ತೂತು. ಭುಜ ಕೊಟ್ಟು ಬೀರುವಿನ ಒಂದೊಂದೇ ಕಾಲನ್ನು ಎತ್ತಿ, ಸಾಕ್ಸು ತೂರಿಸಿ, ಎಳೆದು ಬಿಗಿಯುತ್ತಾರೆ. ಆಮೇಲೆ ಬೆನ್ನು ಕೊಟ್ಟು ತಳ್ಳಿದರೆ ಅಷ್ಟು ಭಾರದ ಬೀರು ಪ್ರಾರ್ಥನೆಯ ನಡುವೆ ಎದ್ದು ಹೋಗುವವರಂತೆ ಸದ್ದಿಲ್ಲದೆ ಸರಿಯುತ್ತದೆ.

"ಮಕ್ಕಳು ಎದ್ದುಬಿಟ್ರೆ ಎಲ್ಲಾ ಕೆಟ್ಟುಹೋಗುತ್ತೆ. ನೆಂಟರಿಗೆ ಇದು ನಮ್ಮನೆ ಅಂತ ಗುರುತೇ ಸಿಗಬಾರದು," ಎಂದು ಪಿಸುಗುಟ್ಟುತ್ತಾರೆ.

ನೆಂಟರೆಂದರೆ ಹೊರಗಿನವರಲ್ಲ. ಒಳಕೋಣೆಯಲ್ಲಿ ಮಲಗಿರುವ ಗಂಡ, ಇಬ್ಬರು ಹೆಣ್ಣುಮಕ್ಕಳು, ಮತ್ತು ಆಗಲೇ ಎಚ್ಚರಾಗಿದ್ದರೂ ಗೊರಕೆ ಹೊಡೆದು ತೋರಿಸುತ್ತಿರುವ ಅತ್ತೆ. ವರ್ಷದ ದೊಡ್ಡ ರಜೆ ಬಂದಾಗ ಈ ಬೀದಿಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಊರೂರು ತಿರುಗುತ್ತವೆ. ಮೂಲೆಮನೆ ಮಾತ್ರ ತನ್ನೊಳಗೇ ಪ್ರವಾಸ ಹೊರಡುತ್ತದೆ. ಮನೆಯವರು ಬಟ್ಟೆಚೀಲ ಹೊತ್ತು ಕೆಳಗಿಳಿಯುತ್ತಾರೆ, ಬೀದಿ ಸುತ್ತಿ ಬಂದು ತಮ್ಮದೇ ಬಾಗಿಲಿನ ಬೆಲ್ ಒತ್ತುತ್ತಾರೆ. ಬಾಗಿಲು ತೆರೆದರೆ ಒಳಗೆ ಬೇರೆಯೇ ಮನೆ.

ಇಂಥದ್ದೊಂದು ಹೊಳೆದದ್ದಾದರೂ ಹೇಗೆ? ಗಂಡ ಬಸ್ಸು ಓಡಿಸುತ್ತಾರೆ. ಒಂದು ವರ್ಷ ನಿಜವಾಗಿಯೂ ಹೊರಡುವುದೆಂದಾಗಿತ್ತು. ಹೊರಡುವ ದಿನವೇ ಅವರ ರಜೆ ರದ್ದಾಯಿತು, ಕಟ್ಟಿದ ಮುಂಗಡವೂ ಕೈಬಿಟ್ಟುಹೋಯಿತು. ಮಕ್ಕಳು ಮೆಟ್ಟಿಲ ಮೇಲೆ ಚೀಲದ ಮೇಲೇ ಕೂತು ಮುಖ ಊದಿಸಿಕೊಂಡರು. "ಚೀಲ ಬಿಚ್ಚೋಕೆ ನನಗೆ ಮನಸ್ಸು ಬರಲಿಲ್ಲ," ಎನ್ನುತ್ತಾರೆ ಆಕೆ. "'ಅಜ್ಜಿ ಜೊತೆ ಒಂದು ಸುತ್ತು ಹೋಗಿಬನ್ನಿ' ಅಂದೆ. ಅಷ್ಟರಲ್ಲಿ ಮಂಚ ತಿರುಗಿಸಿದೆ, ಮೇಜು ಎಳೆದೆ. ವಾಪಸ್ ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿ 'ಯಾರು ಬೇಕಿತ್ತು?' ಅಂದೆ. ಚಿಕ್ಕವಳು ಹೆದರಿ ಅತ್ತೇಬಿಟ್ಳು. ಆಮೇಲೆ ಒಳಗೆ ನೋಡಿ ನಕ್ಕಳು ನೋಡಿ!"

ಕೈ ಕಚ್ಚದ ಹಾಗೆ ಮನೆ ಹೊಸದಾಗುವುದರ ಗುಟ್ಟು ಕೆಳಮಹಡಿಯಲ್ಲಿದೆ. ಅಲ್ಲಿನ ಹೊಲಿಗೆಯಕ್ಕನೂ ಈಕೆಯೂ ರಜೆಯ ಮಟ್ಟಿಗೆ ಪರದೆ, ಹೊದಿಕೆ, ತಟ್ಟೆ-ಲೋಟ, ಗೋಡೆ ಗಡಿಯಾರವನ್ನೆಲ್ಲ ಅದಲುಬದಲು ಮಾಡಿಕೊಳ್ಳುತ್ತಾರೆ. ಒಬ್ಬರಿಗೆ ಹಳತಾದದ್ದು ಇನ್ನೊಬ್ಬರಿಗೆ ಹೊಸತು. ರಜೆ ಮುಗಿದ ಮೇಲೆ ಒಗೆದು, ತೊಳೆದು, ಮಡಿಸಿ ವಾಪಸ್.

ಇದರಿಂದ ಎಡವಟ್ಟೂ ಆಗಿದೆ. ಮಹಡಿ ಎಣಿಸದೆ ಪರದೆ ನೋಡಿ ಮನೆ ಗುರುತು ಹಿಡಿಯುವ ಗಂಡ ಒಮ್ಮೆ ಪಾಳಿ ಮುಗಿಸಿ ಬಂದವರು ಸೀದಾ ಕೆಳಗಿನ ಮನೆಗೇ ನುಗ್ಗಿ, ಶೂ ಬಿಚ್ಚಿ, "ಬಡಿಸೇ, ಹೊಟ್ಟೆ ಹಸೀತಿದೆ" ಎಂದುಬಿಟ್ಟರಂತೆ. "ಬಡಿಸಿದೆ," ಎನ್ನುತ್ತಾರೆ ಹೊಲಿಗೆಯಕ್ಕ. "ತಟ್ಟೆನೂ ಅವರದ್ದೇ ಆಗಿತ್ತಲ್ಲ, ಪಾಪ. ಅರ್ಧ ಊಟ ಆದ್ಮೇಲೆ ನನ್ನ ಮುಖ ನೋಡಿದ್ರು!"

ಆತಿಥ್ಯ ಸುಲಭದ ಕೆಲಸವಲ್ಲ. ನೆಂಟರನ್ನು ಬೈಯುವಂತಿಲ್ಲ, ಕೆಲಸ ಹೇಳುವಂತಿಲ್ಲ. ಎಲ್ಲರಿಗಿಂತ ಕಷ್ಟದ ನೆಂಟರು ಅತ್ತೆ. "ಹೋದ ವರ್ಷ ಇಳಿದುಕೊಂಡಿದ್ದ ಕಡೆ ದಿಂಬು ಮೆತ್ತಗಿತ್ತಮ್ಮ," ಎಂದು ಮೂಗು ಮುರಿಯುತ್ತಾರೆ. ಸೊಸೆ ಕೈಮುಗಿದು ದಿಂಬು ಬದಲಿಸುತ್ತಾರೆ.

ಈ ಸಲ ಆಕೆಯ ಚಿಂತೆ ದಿಂಬಿನದಲ್ಲ, ದೊಡ್ಡ ಮಗಳದು. ಹದಿಮೂರು ತುಂಬಿದೆ. ಮೊನ್ನೆ ಖಡಾಖಂಡಿತವಾಗಿ ಹೇಳಿದ್ದಾಳೆ: "ನಮ್ಮನೆಗೆ ನಾವೇ ನೆಂಟರಾಗೋದು ನಾಚಿಕೆ. ನಾನು ಬರಲ್ಲ."

"ಅವಳು ಹೇಳಿದ್ದು ಸುಳ್ಳಲ್ಲ," ಎನ್ನುತ್ತಾರೆ ತಾಯಿ. "ಆದ್ರೆ ಅವಳು ಬಿಟ್ರೆ ಚಿಕ್ಕವಳೂ ಬಿಡ್ತಾಳೆ. ಆಮೇಲೆ ಇದು ಬರೀ ಎರಡು ಕೋಣೆ."

ಬಿಸಿಲೇರುತ್ತದೆ. ಗಂಡ, ಅತ್ತೆ, ಚಿಕ್ಕವಳು ಚೀಲ ಹೊತ್ತು ಕೆಳಗಿಳಿಯುತ್ತಾರೆ. ದೊಡ್ಡವಳು ಒಳಕೋಣೆಯ ನೆಲದ ಮೇಲೆ ಕೈಕಟ್ಟಿ ಕೂತೇ ಇದ್ದಾಳೆ. ತಾಯಿ ಮಗಳ ಸುತ್ತಲೇ ಮಂಚ ಸರಿಸುತ್ತಾರೆ, ಹೊದಿಕೆ ಹಾಸುತ್ತಾರೆ, ಸ್ಟೂಲು ಹತ್ತಿ ಪರದೆ ತೂಗುಹಾಕುತ್ತಾರೆ.

"ವಾರೆಯಾಗಿದೆ," ಎನ್ನುತ್ತಾಳೆ ಮಗಳು, ತಲೆ ಎತ್ತದೆ.

"ಇರಲಿ ಬಿಡೇ."

ಮಗಳಿಗೆ ತಡೆಯಲಾಗುವುದಿಲ್ಲ. ಎದ್ದು ಪರದೆಯ ತುದಿ ಜಗ್ಗಿ ನೇರ ಮಾಡುತ್ತಾಳೆ. ದಿಂಬು ಗೋಡೆಗೆ ಒರಗಿಸುತ್ತಾಳೆ, ಬೇಡವೆನಿಸಿ ಮತ್ತೆ ಮಲಗಿಸುತ್ತಾಳೆ. ಲೋಟಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದವಳು ಥಟ್ಟನೆ ತಿರುಗಿ ಕೇಳುತ್ತಾಳೆ: "ಅಮ್ಮಾ, ನೀನು ಒಂದ್ಸಲನಾದ್ರೂ ಬೆಲ್ ಒತ್ತಿದ್ದೀಯಾ?"

"ನಾನು ಒತ್ತಿದ್ರೆ ಬಾಗಿಲು ತೆಗೆಯೋರು ಯಾರೇ, ಹುಚ್ಚಿ?"

"ಚಪ್ಪಲಿ ಹಾಕ್ಕೋ. ನಡಿ, ನಡಿ. ಸೆರಗಲ್ಲಿ ಧೂಳಿದೆ, ಕೊಡವಿಕೋ."

ತಾಯಿ ಕೈಗೆ ಸಿಕ್ಕಿದ ತರಕಾರಿ ಚೀಲಕ್ಕೆ ಒಂದು ಸೀರೆ ತುರುಕಿ ಇಳಿಯುತ್ತಾರೆ. ಬೀದಿ ತಿರುವಿನಲ್ಲಿ ಅವರನ್ನು ಕಂಡ ಅತ್ತೆ ಹುಬ್ಬು ಹಾರಿಸಿ, "ಇದೇನಮ್ಮ, ನೀನೂ ಹೊರಟೆಯಾ? ಅಡುಗೆ ಗತಿ?" ಎನ್ನುತ್ತಾರೆ. ಗಂಡ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಳ್ಳುತ್ತಾರೆ. ಮೇಲೆ ಬಂದಾಗ ಚಿಕ್ಕವಳು ಬೆಲ್ಲಿಗೆ ಚಾಚಿದ ಬೆರಳನ್ನು ತಾನೇ ಹಿಂದಕ್ಕೆಳೆದುಕೊಂಡು, "ಅಮ್ಮ ಒತ್ತಲಿ," ಎನ್ನುತ್ತಾಳೆ.

ಬಾಗಿಲು ತೆರೆಯುತ್ತದೆ. ದೊಡ್ಡವಳು ತಲೆ ಬಾಚಿಕೊಂಡು, ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಾಳೆ. "ಎಷ್ಟು ಹೊತ್ತು ದಾರಿ ನೋಡೋದು? ಬನ್ನಿ ಒಳಗೆ. ಅಜ್ಜಿಯವರೇ, ನಿಮಗೆ ಎರಡು ದಿಂಬು ಇಟ್ಟಿದ್ದೀನಿ." ಅತ್ತೆಗೆ ದೂರಲು ಏನೂ ಉಳಿದಿಲ್ಲ.

ತಾಯಿ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಎರಡು ಸಲ ಎದ್ದು ಅಡುಗೆಮನೆಯತ್ತ ಹೆಜ್ಜೆ ಹಾಕುತ್ತಾರೆ. ಎರಡು ಸಲವೂ ಮಗಳು ಕಣ್ಣಲ್ಲೇ ಗದರಿ ಕೂರಿಸುತ್ತಾಳೆ. ಟೀ ಬರುತ್ತದೆ. ಆಕೆ ಒಂದು ಗುಟುಕು ಕುಡಿದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಹೇಗಿದೆ ಎಂದು ಕೇಳಿದರೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ.

"ಸಕ್ಕರೆ ಜಾಸ್ತಿಯಾಗಿದೆ. ನಮ್ಮನೇಲಾಗಿದ್ರೆ ಹೇಳ್ತಿದ್ದೆ."