ಪುಟ್ಟ ಹೊಟ್ಟೆಗೆ ಕಟ್ಟುವ ಬುತ್ತಿ

ನಾರ್ವೆಯ ಈ ಬಂದರೂರಿನಲ್ಲಿ ಮೊದಲ ದೋಣಿ ಕೂಗುವ ಹೊತ್ತಿಗೆ ಗುನ್ವೋರ್ ಟೋಪಿಯೊಳಗೆ ಕೂದಲು ತುರುಕಿಕೊಂಡು ಆಸ್ಪತ್ರೆಯ ಹಾಲಿನ ಕೋಣೆಯಲ್ಲಿ ನಿಂತಿರುತ್ತಾರೆ. ಎದೆಹಾಲಿನ ಸೀಸೆಯನ್ನು ಅವರು ಕುಲುಕುವುದಿಲ್ಲ, ಕೂಸನ್ನು ತೂಗಿದ ಹಾಗೆ ಮೆಲ್ಲಗೆ ಆಡಿಸುತ್ತಾರೆ. ಆಮೇಲೆ ನಾಲ್ಕು ಹನಿಯನ್ನು ಯಂತ್ರಕ್ಕೆ ಕುಡಿಸಿ, ಜಿಡ್ಡೆಷ್ಟು, ಪ್ರೋಟೀನ್ ಎಷ್ಟು ಎಂದು ನೋಡುತ್ತಾರೆ. ಅವಧಿಗೆ ಮೊದಲೇ ಹುಟ್ಟಿದ ಆಯಾ ಮಗುವಿಗೆ ತಕ್ಕಷ್ಟು ಪೋಷಕ ಪುಡಿಯನ್ನು ಅದರ ತಾಯಿಯ ಹಾಲಿಗೆ ಬೆರೆಸುವುದೇ ಇವರ ಕೆಲಸ.

ಹಿಂದೆ ಇದೇ ಕೈ ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳುತ್ತಿತ್ತು. “ಆಗ ವಾಸನೆಗೆ ಬಸ್ಸಲ್ಲಿ ಯಾರೂ ಪಕ್ಕ ಕೂರ್ತಿರಲಿಲ್ಲ. ಈಗ ವಾಸನೆ ಇಲ್ಲ, ಆದ್ರೂ ಕೂರಲ್ಲ. ನಮ್ಮ ನಾರ್ವೆ ಜನಾನೇ ಹಾಗೆ, ಗುರುತಿಲ್ಲದೋರ ಪಕ್ಕ ಕೂರೋದೇ ಇಲ್ಲ!” ಎಂದು ನಗುತ್ತಾರೆ.

ಈಚೆಗೆ ಒಂದು ಸೀಸೆ ಅವರನ್ನು ಕಾಡಿತು. ಸಿನ್ನೆ ಎಂಬ ಚೊಚ್ಚಲ ತಾಯಿಯ ಹಾಲಿನಲ್ಲಿ ಜಿಡ್ಡು ಇದ್ದಕ್ಕಿದ್ದಂತೆ ಏರಿದೆ, ಪ್ರೋಟೀನ್ ಮಾತ್ರ ಇದ್ದಲ್ಲೇ ಇದೆ. ಮಗನ ತೂಕವೂ ಏರುತ್ತಿಲ್ಲ. ಇದೇನಪ್ಪಾ ವಿಚಿತ್ರ, ಜಿಡ್ಡು ಹೆಚ್ಚಿರುವುದು ಕೊನೆಗೆ ಬರುವ ಗಟ್ಟಿ ಹಾಲಿನಲ್ಲಲ್ಲವೇ ಎಂದುಕೊಂಡು ಗುನ್ವೋರ್ ನೇರ ವಾರ್ಡಿಗೇ ಹೋದರು.

“ಮೊದಲು ಬರೋ ತೆಳು ಹಾಲು ಏನ್ ಮಾಡ್ತಿದೀಯಮ್ಮಾ?”

“ಸಿಂಕಿಗೆ ಸುರೀತಿದೀನಿ,” ಎಂದಳು ಸಿನ್ನೆ. “ಬರೀ ಗಟ್ಟಿ ಹಾಲು ಕೊಟ್ರೆ ನಿಮ್ಮ ಪುಡಿ ಬೇಡವಾಗತ್ತೆ ಅಂದ್ಕೊಂಡೆ. ನನ್ನ ಹಾಲು ಸರಿಯಿಲ್ಲ ಅಂತ ತಾನೇ ಪುಡಿ ಹಾಕೋದು? ಆದ್ರೂ ಇವನು ಬೆಳೀತಿಲ್ಲ. ಸಾಕು, ಇವತ್ತಿಂದ ಹಾಲು ತೆಗೆಯೋದೇ ಬಿಟ್ಬಿಡ್ತೀನಿ.”

ಅಯ್ಯೋ, ಆ ಹುಡುಗಿಯ ಕಣ್ಣೀರು ನೋಡಿ ಗುನ್ವೋರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು.

“ಹುಚ್ಚಿ! ಶಾಲೆಗೆ ಹೋಗುವಾಗ ನಿನ್ನಮ್ಮ ಬುತ್ತಿ ಕಟ್ತಿರಲಿಲ್ವಾ? ಮನೆ ಊಟ ಸರಿಯಿಲ್ಲ ಅಂತ ಕಟ್ತಿದ್ರಾ? ಇವನು ಇನ್ನೂ ನಿನ್ನ ಹೊಟ್ಟೇಲಿ ಇರಬೇಕಾದೋನು, ಆತುರಗಾರ, ಓಡಿಬಂದ. ಹೊಟ್ಟೆ ದ್ರಾಕ್ಷಿಯಷ್ಟಿದೆ, ಮೂಳೆ ಮಾಂಸ ಕಟ್ಟೋಕೆ ಬೇಕಾದ್ದು ಬೆಟ್ಟದಷ್ಟು. ಅದಕ್ಕೇ ಬುತ್ತಿ ಥರ ಚಿಟಿಕೆ ಪುಡಿ. ಊಟ ನಿನ್ನದೇ ಕಣೇ. ತೆಳುವೂ ಬೇಕು, ಗಟ್ಟಿಯೂ ಬೇಕು. ಒಂದು ಹನೀನೂ ಚೆಲ್ಲಬೇಡ.”

ಸಿನ್ನೆ ಅಂದೇ ಮತ್ತೆ ಹಾಲು ತೆಗೆಯುವ ಪಂಪು ಕೈಗೆತ್ತಿಕೊಂಡಳು. ವೈದ್ಯರ ಮಾತಿನಂತೆ ಗುನ್ವೋರ್ ಪುಡಿಯ ಅಳತೆಯನ್ನು ಅವಳ ಹಾಲಿಗೆ ಹೊಂದಿಸುತ್ತಾ ಬಂದರು. ತೂಕದ ಮುಳ್ಳು ಮೊದಮೊದಲು ಸತಾಯಿಸಿತು, ಆಮೇಲೆ ಮೇಲೇರಿತು.

ಇಂದು ಶುಕ್ರವಾರ, ವಾರ್ಡಿನಲ್ಲಿ ವಾಫಲ್ ಎಂಬ ಸಿಹಿ ದೋಸೆ ಸುಡುವ ದಿನ. ಗುನ್ವೋರ್ ಕಂದು ಚೀಸ್ ಇಟ್ಟ ವಾಫಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಸಿನ್ನೆ ತೂಕದ ತಟ್ಟೆಯ ಪಕ್ಕದಲ್ಲೇ ಗಂಡನಿಗೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದಾಳೆ: “ಕೇಳಿಸ್ತಾ? ನನ್ನ ಹಾಲು ಕುಡಿದೇ ಬೆಳೆದಿದಾನೆ, ನನ್ನ ಹಾಲು!”

“ಪುಡಿ ಸುದ್ದೀನೇ ಇಲ್ಲ ನೋಡಿ,” ಎನ್ನುತ್ತಾರೆ ಗುನ್ವೋರ್, ಮುಖವರಳಿಸಿ. “ಅವಳು ಮರೀಲಿ ಅಂತಾನೇ ಅಲ್ವಾ ನಾನು ಇಷ್ಟೆಲ್ಲಾ ಹೆಣಗಿದ್ದು!”