ಸ್ರೆತೆನ್ ಮಾಮನ ‘ಬೇಡ’

ಲೆಸ್ಕೊವಾಟ್ಸ್ ಊರಿನಲ್ಲಿ ಯಾರದೇ ಕಂಪ್ಯೂಟರ್ ‘ಈ ಯಂತ್ರ ತೀರಾ ಹಳೆಯದು, ಹೊಸದನ್ನು ಕೊಳ್ಳಿ’ ಎಂದು ತೋರಿಸಿತೆಂದರೆ, ಮೊದಲು ಸಿಟ್ಟು ನೆತ್ತಿಗೇರುವುದು ಸ್ರೆತೆನ್ ಮಾಮನಿಗೆ. “ಸತ್ತಿದೆ ಅನ್ನೋಕೆ ಅವರ್ಯಾರು? ನಾಡಿ ಹಿಡಿದು ನೋಡಿದ್ರಾ?” ಎಂದು ಗುಡುಗುತ್ತ ಅದನ್ನು ತನ್ನ ಅಡುಗೆಮನೆಯ ಮೇಜಿನ ಮೇಲೆ ಮಲಗಿಸುತ್ತಾನೆ, ಹೆಂಡತಿ ಯಗೋದಾ ರೊಟ್ಟಿಗೆ ಮೊಟ್ಟೆ ಸವರುವ ಕುಂಚದಿಂದಲೇ ಅದರ ಹೊಟ್ಟೆಯ ಧೂಳು ಗುಡಿಸುತ್ತಾನೆ, ಪೆನ್‌ಡ್ರೈವ್ ಚುಚ್ಚಿ ಹಳೆ ಯಂತ್ರಕ್ಕೂ ಒಗ್ಗುವ ಲಿನಕ್ಸ್ ತಂತ್ರಾಂಶ ಹಾಕಲು ಕೂರುತ್ತಾನೆ. ಚಂದದ ಚಿತ್ರ ಬೇಕೆ, ಆಟ ಬೇಕೆ, ಸದ್ದು ಬೇಕೆ ಎಂದು ಪರದೆ ಕೇಳಿದಾಗಲೆಲ್ಲ “ಬೇಡ!” ಎಂದು ಕೂಗಿಯೇ ಗುಂಡಿ ಒತ್ತುತ್ತಾನೆ. ಕೊನೆಗೆ ಕರಿ ಪರದೆಯ ಮೇಲೆ ಬರೀ ಬಿಳಿ ಅಕ್ಷರ ಕಂಡು, ತಂದವರು “ಇಷ್ಟೇನಾ ಮಾಮ?” ಎಂದು ಮುಖ ಸಿಂಡರಿಸಿದರೆ, “ಹೊರೆ ಇಳಿಸಿದ್ರೆ ಮುದಿ ಕತ್ತೆನೂ ಬೆಟ್ಟ ಹತ್ತುತ್ತೆ ಕಣಯ್ಯಾ” ಎಂದು ಗದರುತ್ತಾನೆ. ಹೋದ ಚಳಿಗಾಲದಲ್ಲಿ ಡಾಕ್ಟರೊಬ್ಬರು ಯಗೋದಾಳ ಹೃದಯ ಪರೀಕ್ಷಿಸಿ, “ಈ ವಯಸ್ಸಿಗೆ ಇನ್ನೇನೂ ಮಾಡೋಕಾಗಲ್ಲ” ಎಂದಾಗಲೂ ಅವನಿಗೆ ಇದೇ ಸಿಟ್ಟು ಬಂದಿತ್ತು. ಅವಳನ್ನು ಮನೆಗೆ ಕರೆತಂದವನೇ ಉಪ್ಪು ಬೇಡ, ಸಿಗರೇಟು ಬೇಡ, ಮಹಡಿ ಮೆಟ್ಟಿಲು ಬೇಡ ಎಂದು ಮಂಚವನ್ನೇ ಅಡುಗೆಮನೆಗೆ ಇಳಿಸಿದ. ಈಗ ಮತ್ತೆ ಮುಂದಿನ ಚಳಿಗಾಲಕ್ಕೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟಿಡುವ ಕಾಲ ಬಂದಿದೆ. ಒಲೆಯ ಪಕ್ಕ ಕೂತು ಸುಟ್ಟ ಕಾಯಿಗಳ ಸಿಪ್ಪೆ ಸುಲಿಯುತ್ತ ಅವಳು, “ಏ ಮುದುಕಾ, ಮತ್ತೆ ನನ್ನ ಕುಂಚಾನೇ ಧೂಳಿಗೆ ಹಾಕಿದೀಯಾ?” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾಳೆ. ಸ್ರೆತೆನ್ ಎದೆಯುಬ್ಬಿಸಿ, ಬಂದವರತ್ತ ತಿರುಗಿ ಹೇಳುತ್ತಾನೆ: “ಕೇಳಿಸ್ತಾ? ಬೇಡದ್ದೆಲ್ಲ ತೆಗೆದುಹಾಕ್ದೆ. ಈ ಸದ್ದು ಮಾತ್ರ ಬೇಕು.”